ಹೋಟೆಲ್ ಅಣ್ಣನ ಮೊಬೈಲ್ ಭಯ

ಪುಣೆ ಹತ್ರದ ನಿಗಡಿಯೊಳಗ ಡ್ರೈವಿಂಗ್ ಕ್ಲಾಸ್ ನಡೆಸಾಂವ್ರಿ ನಾನು. ಮೊಬೈಲ್ ಬಂದ ಹೊಸದಾಗ ದಿನಾ ಒಂದಲ್ಲ ಒಂದು ಫಜೀತಿ ನೋಡಾಕ ಸಿಗತಿತ್ತು. ಹುಡುಕ್ಕೊಂಡು ಹೋಗೂದೇನೂ ಬೇಕಿರಲಿಲ್ಲ, ಕ್ಲಾಸಿನ ಬಾಜೂಕ ಹೋಟೆಲ್ ಇಟ್ಟಿದ್ದ ಉಡುಪಿ ಕಡೆಯ ಅಣ್ಣ ಒಬ್ಬರೇ ಸಾಕಿದ್ರು.

೧. ಡಬ್ಬಿ

ಮೊಬೈಲ್ ಅಂಗಿ ಕಿಸೆದಾಗ ಇಟ್ರ ಹೃದಯಕ್ಕ ಕೇಡು ಅಂತ ಯಾರೋ ಗಿರಾಕಿ ಹೇಳಿದ. ಅಣ್ಣ ಪ್ಯಾಂಟಿನ ಕಿಸೆಗೆ ಹಾಕಿದ್ರು. ಅಲ್ಲಿಟ್ರ ಇನ್ನೂ ಅಪಾಯ ಅಂದ ಮತ್ತೊಬ್ಬ. ಕಡೀಕ ಫೋನು ಗಲ್ಲಾದ ಮ್ಯಾಲಿನ ಸ್ಟೀಲ್ ಡಬ್ಬಿ ಸೇರಿತು, ಮ್ಯಾಲೆ ಬಿಗಿ ಮುಚ್ಚಳ. ರೇಂಜ್ ಎಲ್ಲಿಂದ ಬರಬೇಕ್ರಿ?

ವಾರ ಬಿಟ್ಟು ಕೇಳಿದರ, "ಒಳ್ಳೆ ಫೋನು ಮಾಷ್ಟ್ರೇ, ಯಾರದ್ದೂ ಉಪದ್ರ ಇಲ್ಲ" ಅಂದ್ರು.

೨. ಕುತ್ತಿಗೆ

ಫೋನ್ ಹತ್ತೂದೇ ಇಲ್ಲ ಅಂತ ಅಣ್ಣನ ಹೆಂಡ್ತಿ ಬೈದ ಮ್ಯಾಲೆ ಅದು ಡಬ್ಬಿಯಿಂದ ಹೊರಗ ಬಂತು. ಈಗ ಅದನ್ನ ಕಿವಿಗೂ ಹೆಗಲಿಗೂ ನಡುವ ಒತ್ತಿ ಹಿಡಿದು, ಎರಡೂ ಕೈಲೆ ಕೂಪನ್ ಹರಿದು ಕೊಡೂದು. ಕುತ್ತಿಗೆ ಹಿಡಕೊಂತು. ಡಾಕ್ಟರು ದಪ್ಪನ ಪಟ್ಟಿ ಹಾಕಿ ಕಳಿಸಿದ್ರು.

"ಇನ್ನರೆ ಬಿಡ್ರಿ ಅಣ್ಣಾ" ಅಂದೆ, ಸಿಟ್ಟಿಲೆ.

"ಬಿಡುದ್ಯಾಕೆ? ಈ ಪಟ್ಟಿಗೇ ಸಿಕ್ಕಿಸಿದ್ರೆ ಆಯ್ತು. ಹೃದಯದಿಂದಲೂ ದೂರ."

೩. ಸ್ಕಾರ್ಫ್

ಮಧ್ಯಾಹ್ನ ಆಫೀಸುಗಳಿಗೆ ಟಿಫಿನ್ ಮುಟ್ಟಿಸೋದು ಅಣ್ಣನ ಪಾಲಿನ ಕೆಲಸ. ಬಿಸಿಲಾಗ ಸುತ್ತಿ ಬ್ಯಾಸತ್ತು ಹೆಂಡ್ತಿನ್ನ ನನ್ನ ಕ್ಲಾಸಿಗೆ ಹಚ್ಚಿದ್ರು. ಆಕಿಗೆ ಲೈಸೆನ್ಸ್ ಬಂದ್ರ ತಾವು ಗಲ್ಲಾದ ಮುಂದ ಫ್ಯಾನಿನ ಕೆಳಗ ಹಾಯಾಗಿ ಕೂಡೂ ವಿಚಾರ. ಆ ಅಕ್ಕ ಸ್ಕೂಟರ್ ಭಾಳ ಛಲೋ ಓಡಸ್ತಿದ್ರು. ಫೇಲ್ ಆಗೂ ಮಾತೇ ಇಲ್ಲ ಅಂತ ಎದಿ ತಟ್ಟಿ ಹೇಳಿದ್ದೆ ನಾನು.

ಟೆಸ್ಟಿನ ದಿನ ಪುಣೆದ ಹೆಣ್ಣುಮಕ್ಕಳ ಹಂಗ ಮುಖಕ್ಕ ಸ್ಕಾರ್ಫ್ ಬಿಗಿದು ಟ್ರ್ಯಾಕಿಗಿಳಿದ್ರು. ಎಂಟರ ಆಕಾರದ ಸುತ್ತು, ಕಾಲು ನೆಲಕ್ಕ ತಾಗಿರಲಿಲ್ಲ, ಇನ್ನೊಂದು ತಿರುವು ಉಳಿದಿತ್ತು. ಅಷ್ಟರಾಗ ಸ್ಕಾರ್ಫಿನೊಳಗ ಅಕ್ಕನ ಫೋನು ಹೊಡಕೊಳ್ಳಾಕ ಹತ್ತಿತು. ಕಿವಿ ಹತ್ರ ಸಿಗಿಸಿ ಇಟ್ಟಿದ್ದು ನನಗ ಗೊತ್ತೇ ಇರಲಿಲ್ಲ. ಅಕ್ಕ ಗಡಬಡಿಸಿ ಒಂದು ಕೈ ಬಿಟ್ರು, ಗಾಡಿ ವಾಲಿತು, ಕಾಲು ನೆಲಕ್ಕ ಊರಿದ್ರು. ಇನ್‌ಸ್ಪೆಕ್ಟರ್ ಮರಾಠಿಯೊಳಗ, ಫೇಲ್, ತಿಂಗಳು ಬಿಟ್ಟು ಬರ್ರಿ, ಅಂದುಬಿಟ್ರು.

ಅಕ್ಕ ಫೋನ್ ಹೊರಗ ಎಳೆದು, "ಎಂತದು?" ಅಂದ್ರು.

ಅಣ್ಣನ ದನಿ ನಮಗೆಲ್ಲ ಕೇಳಿಸ್ತು. "ಎಂತ ಇಲ್ಲ ಮಾರಾಯ್ತಿ. ಗಾಡಿ ಬಿಡುವಾಗ ಯಾರ ಫೋನ್ ಬಂದ್ರೂ ಎತ್ತಬೇಡ ಅಂತ ಹೇಳಲಿಕ್ಕೆ ಮಾಡಿದ್ದು."

ಅಕ್ಕ ತಣ್ಣಗ ಹೇಳಿದ್ರು: "ಆಯ್ತು. ಇನ್ನೊಂದು ತಿಂಗಳು ಟಿಫಿನ್ ನೀವೇ ಕೊಂಡೋಗಿ. ಅರ್ಧ ದಾರಿಗೆ ಹೋದ ಮೇಲೆ ನಾನೂ ಫೋನ್ ಮಾಡಿ ಅದನ್ನೇ ಹೇಳ್ತೇನೆ."