ಬಲಗಡೆಯ ಹಳದಿ ಹೂವು

ಇಷ್ಟಕ್ಕೆಲ್ಲ ಕಾರಣ ಎರಡು ಚೆಂಡು ಹೂವು. ಹೊಸೂರಿನ ಕೆರೆಕೋಡಿ ಬೀದಿಯ ಆದಿಲಕ್ಷ್ಮಮ್ಮನವರು, ಮನೆ ಮಾರುವ ಮುಂಚೆ ಕೋಡಿ ಮಾರಮ್ಮನ ಹತ್ತಿರ ಹೂ ಕೇಳಲೇಬೇಕು ಎಂದು ಹಟ ಹಿಡಿದಿದ್ದರು. ಪೂಜಾರಿ ದೇವಿಯ ಬಲಭುಜಕ್ಕೊಂದು ಹಳದಿ ಹೂ, ಎಡಭುಜಕ್ಕೊಂದು ಕೆಂಪು ಹೂ ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಆ ಬೀದಿಯಲ್ಲಿ ಮದುವೆ, ಬೋರ್‌ವೆಲ್ಲು, ಕೋರ್ಟು ಕೇಸು ಎಲ್ಲವೂ ಹೀಗೇ ತೀರ್ಮಾನವಾಗುತ್ತಾ ಬಂದಿದ್ದವು.

ಮನೆ ಕೊಳ್ಳಬೇಕೆಂದಿದ್ದವನು ಯತಿರಾಜ್. ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್, ಹೆಂಡತಿ ಕೋಮಲಾಳ ಜೊತೆ ಆಲಸನತ್ತಂನಲ್ಲಿ ಬಾಡಿಗೆಗಿದ್ದ. ಕೋಲಾರದ ಕಡೆಯಿಂದ ಕೆಲಸಕ್ಕೆಂದು ಬಂದ ಅವನ ಅಪ್ಪ, ಆದಿಲಕ್ಷ್ಮಮ್ಮನವರ ಮನೆಯ ಮುಂದಿನ ರೂಮಿನಲ್ಲಿ ಬಾಡಿಗೆಗಿದ್ದರು. ಯತಿರಾಜ್ ಹುಟ್ಟಿದ್ದು, ತೆವಳಿದ್ದು, ಹಲ್ಲು ಮುರಿದುಕೊಂಡಿದ್ದು ಎಲ್ಲ ಅಲ್ಲೇ. ಬೇಸಿಗೆಯ ಮಧ್ಯಾಹ್ನ ಬರಿಮೈಯಲ್ಲಿ ಆ ಮನೆಯ ಕಲ್ಲುಜಗಲಿಯ ಮೇಲೆ ಮಲಗಿದರೆ ಬೆನ್ನಿಗೆ ಹತ್ತುತ್ತಿದ್ದ ತಂಪು, ಈಗ ಎ.ಸಿ. ರೂಮಿನಲ್ಲಿ ಕೂತರೂ ಅವನಿಗೆ ಸಿಕ್ಕಿರಲಿಲ್ಲ.

ಆಗೆಲ್ಲ ಕೆರೆಯ ನಾತಕ್ಕೆ ಹೆದರಿ ಆ ಬೀದಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಈಗ ನೋಡಿ, ಕೆರೆಯ ಹೂಳೆತ್ತಿ, ದಂಡೆಯ ಮೇಲೆ ಓಡಾಡಲು ದಾರಿ ಮಾಡಿ, ಬಣ್ಣದ ದೀಪ ಹಾಕಿದ್ದಾರೆ. ಹೆಂಚಿನ ಮನೆಗಳು ಒಂದೊಂದೇ ಉರುಳಿ ಗಾಜಿನ ಬಾಗಿಲಿನ ಅಂಗಡಿಗಳು ಎದ್ದಿವೆ. ಬೆರಣಿ ತಟ್ಟುತ್ತಿದ್ದ ಗೋಡೆಯ ಮೇಲೆ ಕಾಫಿ ಕಪ್ಪಿನ ಚಿತ್ರ ಬಂದಿದೆ. ಅತ್ತಿಬೆಲೆಯ ಬಿಲ್ಡರ್ ಒಬ್ಬ ಈ ಮನೆಯ ಮೇಲೂ ಕಣ್ಣು ಹಾಕಿದ್ದ. ಅವನ ಕೈಗೆ ಹೋದರೆ ಜಗಲಿ ಉಳಿಯುವುದಿಲ್ಲವೆಂದೇ ಯತಿರಾಜ್ ತಾನು ಕೊಳ್ಳಲು ಮುಂದೆ ಬಂದಿದ್ದ.

ಆದಿಲಕ್ಷ್ಮಮ್ಮನವರ ಮಗ ಶಿವಣ್ಣ ಬಾಗಲೂರಿನಲ್ಲಿ ಗುಲಾಬಿ ತೋಟ ಮಾಡಿ, ಮನೆಯನ್ನೂ ಕಟ್ಟಿ, ತಾಯಿಯನ್ನು ದಿನಾ ಕರೆಯುತ್ತಿದ್ದ. ಅವರಿಗೂ ಮನಸ್ಸಾಗಿತ್ತು.

"ಮಾರೋದಾದ್ರೆ ನಿಂಗೇ ಕಣ್ಲಾ ಯತಿ, ಆ ಬಿಲ್ಡರ್‌ಗೆ ಕೊಡಾಕಿಲ್ಲ. ಆದ್ರೆ ಅಮ್ಮನ್ನ ಒಂದ್ ಮಾತು ಕೇಳ್ಬುಡಾನ. ಶುಕ್ರವಾರ ಹೂ ತಕ್ಕೊಂಡು ಬಾ," ಎಂದಿದ್ದರು.

ಶುಕ್ರವಾರ ಬೆಳಿಗ್ಗೆ ಯತಿರಾಜ್ ರಜೆ ಹಾಕಿ, ತಲೆಗೆ ಸ್ನಾನ ಮಾಡಿ, ಹೂ ಹಿಡಿದು ಕೂತಿದ್ದಾಗ ಪಕ್ಕದ ಮನೆಯ ಜಯರಾಮಯ್ಯ ಕಾಫಿಗೆ ಬಂದರು. ರಿಟೈರ್ ಆದ ಮೇಲೆ ಅವರಿಗೆ ಊರವರ ಕಷ್ಟಗಳೇ ಕೆಲಸ. ವಿಷಯ ಕೇಳಿ ಲೋಟ ಕೆಳಗಿಟ್ಟರು.

"ಎಡಗಡೇದು ಬಿದ್ಬುಟ್ರೆ ಏನ್ ಮಾಡ್ತೀಯ?"

ಯತಿರಾಜ್ ಇದನ್ನು ಯೋಚಿಸಿಯೇ ಇರಲಿಲ್ಲ.

"ದೇವರ ಮೇಲೆ ಭಾರ ಹಾಕ್ಬೇಕು ನಿಜ. ಪೂರ್ತಿ ಭಾರ ಹಾಕ್ಬಾರ್ದು," ಎಂದರು ಜಯರಾಮಯ್ಯ. "ಕೆಂಪು ಹೂವಿನ ಬುಡಕ್ಕೆ ಒಸಿ ಬೆಲ್ಲದ ಪಾಕ ಸವರು. ಅದು ಜಪ್ಪಯ್ಯ ಅಂದ್ರೂ ಬೀಳಾಕಿಲ್ಲ. ಹಳದಿಗೆ ಬರೀ ನೀರು. ಇವತ್ತಲ್ಲ ನಾಳೆ ಅದೇ ತಾನೆ ಬೀಳ್ಬೇಕು?"

"ದೇವ್ರಿಗೇ ಮೋಸ ಮಾಡೋದಾ ಸಾರ್?"

"ಯಾರಿಗೆ ಮೋಸ? ಜಗಲಿ ಉಳಿಸ್ತಾ ಇದ್ದೀಯ."

ಜಗಲಿ ಎಂದ ಕೂಡಲೇ ಯತಿರಾಜ್ ಕರಗಿಹೋದ. ಕೋಮಲಾ ಮಾತ್ರ ಪಾಕ ಕಾಯಿಸುತ್ತಾ, "ಮಾರಮ್ಮನ ಹತ್ರ ಆಟ ಆಡ್ತಿದ್ದೀರ. ಆಮೇಲೆ ನನ್ನ ಕೇಳ್ಬೇಡಿ," ಎಂದು ಗೊಣಗಿದಳು. ಗೊಣಗಿದರೂ ಪಾಕವನ್ನು ಹದವಾಗಿಯೇ ತೆಗೆದಳು.

ಎರಡೂ ಹೂವನ್ನು ಟಿಫನ್ ಡಬ್ಬಿಯಲ್ಲಿ ಹಾಕಿ, ಜಯರಾಮಯ್ಯನವರನ್ನು ಹಿಂದೆ ಕೂರಿಸಿಕೊಂಡು ಯತಿರಾಜ್ ಸ್ಕೂಟರ್ ಹತ್ತಿದ. ಕೆರೆಕೋಡಿ ಬೀದಿಯನ್ನು ಹೊಸದಾಗಿ ಮಾಡುತ್ತೇವೆಂದು ಉದ್ದಕ್ಕೂ ಅಗೆದಿದ್ದರು. ಒಂದೊಂದು ಹಳ್ಳಕ್ಕೂ ಸ್ಕೂಟರ್ ಎಗರಿತು, ಡಬ್ಬಿಯೂ ಎಗರಿತು. ಗುಡಿಯ ಮುಂದೆ ಮುಚ್ಚಳ ತೆಗೆದರೆ, ಹಳದಿಯೂ ಕೆಂಪೂ ಒಂದಕ್ಕೊಂದು ಅಂಟಿ ಹೊಸ ಗಂಡಹೆಂಡಿರಂತೆ ಕೂತಿದ್ದವು. ಬಿಡಿಸಲು ಹೋಗಿ ಅವನ ಎರಡು ಕೈಗೂ ಪಾಕವಾಯಿತು. ಹಳದಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದ. ಕೈ ತೊಳೆಯುವಷ್ಟರಲ್ಲಿ ನೀರು ನಿಂತಿತು.

ಒಳಗೆ ಆದಿಲಕ್ಷ್ಮಮ್ಮನವರು ಮಡಿಯುಟ್ಟು ಕಾಯುತ್ತಿದ್ದರು. ಪೂಜಾರಿ ದಾಸಪ್ಪ ಹೂ ಕೈಗೆತ್ತಿಕೊಂಡು ಹುಬ್ಬುಗಂಟಿಕ್ಕಿದ.

"ಏನಪ್ಪ, ಹೂ ಹಿಂಗೆ ಅಂಟಂಟು?"

"ತಾಜಾ ಹೂವು ದಾಸಪ್ಪ. ಹಾಲು ಇನ್ನೂ ಆರಿಲ್ಲ," ಎಂದರು ಜಯರಾಮಯ್ಯ.

ಚೆಂಡು ಹೂವಿನಲ್ಲಿ ಯಾವ ಹಾಲು ಎಂದು ದಾಸಪ್ಪ ಯೋಚಿಸುತ್ತಲೇ ಹೂ ಅಂಟಿಸಿ ಮಂಗಳಾರತಿ ಎತ್ತಿದ. ಎಲ್ಲರೂ ಕೈಮುಗಿದರು. ಆದಿಲಕ್ಷ್ಮಮ್ಮನವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿಕೊಂಡರು. ಯತಿರಾಜನೂ ಮುಗಿದ. ಮುಗಿದ ಕೈ ಮತ್ತೆ ಬಿಡಲಿಲ್ಲ.

ಎಷ್ಟು ಹೊತ್ತಾದರೂ ಯಾವ ಹೂವೂ ಅಲ್ಲಾಡಲಿಲ್ಲ. ಅಷ್ಟರಲ್ಲಿ ಗೋಡೆಯ ಸಂದಿಯಿಂದ ಹೊರಟ ಇರುವೆಗಳು ಸಾಲುಗಟ್ಟಿ ದೇವಿಯ ಎಡಭುಜ ಹತ್ತತೊಡಗಿದವು.

"ಅಮ್ಮನಿಗೆ ಇರುವೆ ಮುತ್ತಿದ್ದು ನನ್ನ ಜನ್ಮದಲ್ಲೇ ನೋಡಿಲ್ಲ," ಎಂದ ದಾಸಪ್ಪ.

"ಗಂಟೆ ಹೊಡಿ," ಎಂದು ಜಯರಾಮಯ್ಯ ಕಿವಿಯಲ್ಲಿ ಉಸುರಿದರು. ಯತಿರಾಜ್ ಅಂಟಿದ ಕೈಯನ್ನೇ ಎತ್ತಿ ಗಂಟೆಗೆ ಗುದ್ದಿದ. ಗುಡಿಯೆಲ್ಲ ಅದುರಿತು. ಹಳದಿ ಹೂ ಮೆಲ್ಲಗೆ ಜಾರಿ, ದೇವಿಯ ಬಲಗಡೆ, ಪಾದದ ಹತ್ತಿರ ಬಿತ್ತು.

ಯತಿರಾಜನ ಕಣ್ಣು ತುಂಬಿ ಬಂತು. ಜಗಲಿ, ಹಿತ್ತಲ ಸೀಬೆ ಮರ, ಅಪ್ಪ ಸೈಕಲ್ ಒರಗಿಸುತ್ತಿದ್ದ ಗೋಡೆ ಎಲ್ಲ ತನ್ನದಾಯಿತು ಅನ್ನಿಸಿತು. ತಿರುಗಿ ನೋಡಿದರೆ ಆದಿಲಕ್ಷ್ಮಮ್ಮನವರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ನೋಡ್ದಾ ಯತಿ, ಅಮ್ಮ ನನ್ನ ಕೈ ಬಿಡ್ಲಿಲ್ಲ," ಎಂದರು. "ಗಂಟು ಮೂಟೆ ಕಟ್ಟಿ ಆಗಿತ್ತು ಕಣ್ಲಾ. ಆದ್ರೂ ಕೇಳ್ಕೊಂಡೆ, ತಾಯಿ, ನಾನು ಈ ಮನೇಲೇ ಇರ್ಬೇಕು ಅಂದ್ರೆ ಬಲಕ್ಕೆ ಕೊಡು, ಮಾರ್ಬುಟ್ಟು ಹೋಗು ಅಂದ್ರೆ ಎಡಕ್ಕೆ ಕೊಡು ಅಂತ."

ಯತಿರಾಜ್ ಒಂದು ಹೆಜ್ಜೆ ಮುಂದೆ ಬಂದ. "ಮಾರೋದನ್ನ ಅಲ್ವಾ ದೊಡ್ಡಮ್ಮ ಬಲಕ್ಕೆ ಕೇಳೋದು?"

"ಬಾಳಿದ ಮನೆ ಬಿಟ್ಟು ಹೋಗೋದನ್ನ ಯಾರಾದ್ರೂ ಬಲಕ್ಕೆ ಕೇಳ್ತಾರೇನ್ಲಾ? ಆ ಕೆಂಪು ಹೂ ನೋಡು, ಅಷ್ಟು ಇರುವೆ ಎಳೀತಾವೆ, ಒಂಚೂರೂ ಜಗ್ಗಿಲ್ಲ. ಇದಕ್ಕಿಂತ ಸತ್ಯ ಬೇಕಾ? ಆ ಬಿಲ್ಡರ್‌ಗೂ ಇವತ್ತೇ ಹೇಳ್ಬುಡ್ತೀನಿ, ಈ ಮನೆ ಯಾರಿಗೂ ಇಲ್ಲ ಅಂತ."

ಯತಿರಾಜ್ ಜಯರಾಮಯ್ಯನವರ ಕಡೆ ನೋಡಿದ. ಅವರು ಗುಡಿಯ ತೊಲೆಗಳನ್ನು ಎಣಿಸುತ್ತಿದ್ದರು. ಪಾಕದ ವಿಷಯ ಬಾಯಿಬಿಟ್ಟರೆ ಮನೆಯೂ ಇಲ್ಲ, ಆ ಬೀದಿಗೆ ಕಾಲಿಡುವ ಮುಖವೂ ಇಲ್ಲ. ಅವನು ಅಂಟಿದ ಕೈಯಲ್ಲೇ ಇನ್ನೊಮ್ಮೆ ಮುಗಿದು ಹೊರಗೆ ಬಂದ.

ಮನೆಯ ಮುಂದೆ ಬಂದು ಜಗಲಿಯ ಮೇಲೆ ಕುಸಿದ ಅವನ ಮುಖ ನೋಡಿ ಆದಿಲಕ್ಷ್ಮಮ್ಮನವರಿಗೆ ಕರುಳು ಚುರುಕ್ ಎಂದಿತು. ಚೊಂಬಿನಲ್ಲಿ ಬಿಸಿನೀರು ತಂದು ಕೈಗೆ ಹುಯ್ದರು. ಯಾಕೆ ಅಂಟಿದೆ ಎಂದು ಕೇಳಲಿಲ್ಲ. ಚಿಕ್ಕವನಿದ್ದಾಗಲೂ ಕೇಳುತ್ತಿರಲಿಲ್ಲ.

"ಬೇಜಾರ್ ಮಾಡ್ಕೋಬೇಡ. ಮುಂದಿನ ರೂಮು ಖಾಲಿ ಐತೆ. ನಿಮ್ಮಪ್ಪನಂಗೇ ನೀನೂ ಬಾಡಿಗೆಗೆ ಬಂದಿರು. ಬಾಡಿಗೆ ಮಾತ್ರ ನಿಮ್ಮಪ್ಪನ ಕಾಲದ್ದಲ್ಲ ಕಣ್ಲಾ. ಈಗ ಕಿಟಕೀಲಿ ಕೆರೆ ಕಾಣ್ಸುತ್ತೆ."

ಯತಿರಾಜ್ ಅಂಗೈಯನ್ನು ಕಲ್ಲಿನ ಮೇಲೆ ಊರಿದ. ಅದೇ ತಂಪು. ಆಲಸನತ್ತಂನ ಬಾಡಿಗೆಗಿಂತ ಜಾಸ್ತಿಯಾದರೂ ಆಗಲಿ ಅನ್ನಿಸಿತು.

"ಯಾವಾಗ ಬರ್ಲಿ ದೊಡ್ಡಮ್ಮ?"

"ಅದನ್ನೂ ಅಮ್ಮನ್ನ ಒಂದ್ ಮಾತು ಕೇಳ್ಬುಡಾನ," ಎಂದರು ಆದಿಲಕ್ಷ್ಮಮ್ಮನವರು. "ಮುಂದಿನ ಶುಕ್ರವಾರ ಹೂ ತಕ್ಕೊಂಡು ಬಾ. ನಿನ್ ಕೈ ಹೂವು ಒಳ್ಳೆ ಸತ್ಯ ಹೇಳುತ್ತೆ."