ನಡುಗುವ ಕೈಗೊಂದು ಡಿಸಿ ಪಟ್ಟಿ

ಹೊಳೆನರಸೀಪುರದಲ್ಲಿ ಬ್ಯಾಟರಿ ಅಂಗಡಿ ಇಟ್ಟುಕೊಂಡವನಿಗೆ ಇಂಥ ಪುರಾಣಗಳು ಆಗುತ್ತಲೇ ಇರುತ್ತವೆ. ನಾನು ಬೇಡ ಅಂದರೂ ನಿಲ್ಲಲ್ಲ, ಬೇಡ ಅಂತ ನಾನು ಅಂದೂ ಇಲ್ಲ.

ಸ್ಕೂಲಿನ ಮೆಟ್ಟಿಲು ನಾನು ಹತ್ತಿದ್ದು ಒಂದೇ ಸಲ, ಅದೂ ಹೆಗಲ ಮೇಲೆ ಬ್ಯಾಟರಿ ಹೊತ್ತುಕೊಂಡು. ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಅದಕ್ಕೇ ನನ್ನ ಹೆಸರು ಬರೆಯೋದಕ್ಕಿಂತ ಮುಂಚೆ ನನಗೆ ‘ಅರಕಲಗೂಡು’ ಬರೆಯೋಕೆ ಬರ್ತಿತ್ತು. ಆದರೆ ಬ್ಯಾಟರಿ ವಿಷಯಕ್ಕೆ ಬಂದರೆ ಈ ನಾಲ್ಕು ತಾಲ್ಲೂಕಲ್ಲಿ ನನ್ನ ಮುಂದೆ ಯಾರೂ ಇಲ್ಲ. ಮೀಟರ್ ಹಿಡಿಯೋರು ಹಿಡೀಲಿ, ನಾನು ತಂತಿನ ನಾಲಿಗೆಗೆ ಮುಟ್ಟಿಸಿ ವೋಲ್ಟ್ ಹೇಳುತ್ತೀನಿ. ಹನ್ನೆರಡು ವೋಲ್ಟಿನದು ಹುಣಸೆಹಣ್ಣಿನ ರುಚಿ, ಹದಿಮೂರಕ್ಕೆ ಒಂದು ಚಿಟಿಕೆ ಉಪ್ಪು ಜಾಸ್ತಿ. ಕಟ್ಟಾಯದಲ್ಲಿ ಒಂದು ಟ್ರ್ಯಾಕ್ಟರ್ ಮೂರು ದಿನದಿಂದ ಅಲ್ಲಾಡದೆ ನಿಂತಿತ್ತು. ನಾನು ಹೋಗಿ ಬಾನೆಟ್ ಎತ್ತಿ ಬೈದೆ, ಅಷ್ಟೇ. ಸ್ಟಾರ್ಟ್ ಆಯಿತು. ನೋಡಿದವರು ಈಗಲೂ ಇದ್ದಾರೆ, ಹೋಗಿ ಕೇಳಿ.

ಅವತ್ತು ಸ್ಕೂಲಲ್ಲಿ ನಾನು ಬ್ಯಾಟರಿ ಇಳಿಸಿದ್ದು ಸೈನ್ಸ್ ಮೇಷ್ಟ್ರ ರೂಮಿನಲ್ಲಿ. ಆಗ ಆದ ಸ್ನೇಹ ಇವತ್ತಿನ ತನಕ ಡೌನ್ ಆಗಿಲ್ಲ. ಮೇಷ್ಟ್ರು ಈಗ ರಿಟೈರಾಗಿದ್ದಾರೆ, ಮನೇಲಿ ಹ್ಯಾಮ್ ರೇಡಿಯೋ ಇಟ್ಟುಕೊಂಡಿದ್ದಾರೆ. ಅಂದರೆ ಪರೀಕ್ಷೆ ಕಟ್ಟಿ ಸರ್ಕಾರದ ಲೈಸೆನ್ಸ್ ತಗೊಂಡು, ತಮ್ಮ ಸ್ವಂತ ಸೆಟ್ಟಿನಲ್ಲಿ ತಮ್ಮಂಥವರ ಜೊತೆ ಗಾಳಿಯಲ್ಲಿ ಮಾತಾಡೋದು. ಲೈಸೆನ್ಸ್ ಇಲ್ಲದವರು ಅಲ್ಲಿ ಮಾತಾಡಂಗಿಲ್ಲ. ನನ್ನಂಥ ಮಾತುಗಾರ ಬಾಯಿ ಮುಚ್ಚಿಕೊಂಡು ಕೂರೋ ಜಾಗ ಪ್ರಪಂಚದಲ್ಲಿ ಅದೊಂದೇ.

ಚಕ್ಕುಲಿ

ಮೇಷ್ಟ್ರಿಗೆ ಅರಕಲಗೂಡಿನಲ್ಲಿ ಒಬ್ಬರು ರೇಡಿಯೋ ಸ್ನೇಹಿತರು. ಹಿಂದೆ ತಂತಿ ಆಫೀಸಲ್ಲಿದ್ದವರು, ಅದಕ್ಕೆ ನಾವು ತಂತಿ ಯಜಮಾನರು ಅಂತೀವಿ. ಎರಡು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಹೊಡೆದು ಮಾತು ಹೋಯಿತು, ಬಲಗೈ ಹೋಯಿತು. ಉಳಿದದ್ದು ಎಡಗೈ. ಆ ಎಡಗೈಯಲ್ಲಿ ತಂತಿ ಆಫೀಸಿನ ಹಳೇ ಭಾಷೆ, ಚುಕ್ಕಿ ಗೆರೆ, ಟಿಕ್ ಟಿಕ್ ಅಂತ ಒತ್ತುತ್ತಾರೆ. ದಿನಾ ಬೆಳಿಗ್ಗೆ ಏಳಕ್ಕೆ ಮೇಷ್ಟ್ರು ಇಲ್ಲಿಂದ ಒತ್ತಬೇಕು, ಅವರು ಅಲ್ಲಿಂದ ಒತ್ತಬೇಕು. ಆಮೇಲೇ ಅವರು ತಿಂಡಿಗೆ ಕೈ ಹಾಕೋದು. ಇಲ್ಲಿಂದ ಸದ್ದು ಹೋಗಲಿಲ್ಲ ಅಂದರೆ ಅವತ್ತು ತಿಂಡಿ ಇಲ್ಲ.

ಮೇಷ್ಟ್ರ ಸೆಟ್ಟು ಓಡೋದು ಬ್ಯಾಟರಿ ಮೇಲೆ. ದೊಡ್ಡ ಸೆಟ್ಟು, ಸಣ್ಣ ಸೆಟ್ಟು, ಟಿಕ್ ಟಿಕ್ ಡಬ್ಬಿ, ಒಂದು ದೀಪ, ಇನ್ನೇನೇನೋ. ಎಲ್ಲದರ ತಂತಿನೂ ಬ್ಯಾಟರಿಯ ಎರಡೇ ಎರಡು ಗೂಟಕ್ಕೆ ಚಕ್ಕುಲಿ ಥರ ಸುತ್ತಿದ್ದರು. ಹೋದ ವರ್ಷದಿಂದ ಮೇಷ್ಟ್ರ ಕೈ ನಡುಗೋಕೆ ಶುರುವಾಯಿತು. ಒಂದು ಬೆಳಿಗ್ಗೆ ಚಕ್ಕುಲಿ ಬಿಗಿ ಮಾಡೋಕೆ ಹೋಗಿ ಕೆಂಪು ತಂತಿ ಕಪ್ಪು ತಂತಿಗೆ ತಾಗಿತು. ಪಟ್ ಅಂತ ಕಿಡಿ, ಹೊಗೆ, ಅರ್ಧ ತಂತಿ ಕರಿಮುರಿ. ಏಳು ಗಂಟೆ ಕಳೆದುಹೋಯಿತು. ಹನ್ನೊಂದಕ್ಕೆ ಅರಕಲಗೂಡಿನಿಂದ ಯಜಮಾನರ ಸೊಸೆ ಫೋನ್ ಮಾಡಿ, ಮಾವ ಇನ್ನೂ ಟಿಕ್ ಟಿಕ್ ಡಬ್ಬಿ ಮೇಲಿಂದ ಕೈ ತೆಗೆದಿಲ್ಲ, ಇಡ್ಲಿ ಆರಿ ಕಲ್ಲಾಗಿದೆ ಅಂದಳು.

ಮೇಷ್ಟ್ರ ಹೆಂಡತಿ, ನಮ್ಮ ಅಮ್ಮಾವ್ರು, ಅವತ್ತೇ ತೀರ್ಪು ಕೊಟ್ಟರು. “ಇನ್ನೊಂದು ಕಿಡಿ ಹಾರಿದ್ರೆ ಬ್ಯಾಟರಿ ಬಾವಿಗೆ. ನೀವೂ ಜೊತೇಲೇ ಓಗೋದಾದ್ರೆ ಈಗ್ಲೇ ಏಳಿ, ಪೂಜೆ ಒಂದೇ ಸಲ ಮುಗಿಸ್ತೀನಿ.”

ಮೇಷ್ಟ್ರು ನನ್ನ ಕೂರಿಸಿಕೊಂಡು ಹೇಳಿದರು: ಬೇಕಾಗಿರೋದು ಒಂದು ಡಿಸಿ ಪಟ್ಟಿ. ಒಂದು ಕಡೆಯಿಂದ ಬ್ಯಾಟರಿ ಕರೆಂಟು ಒಳಗೆ, ಏಳೆಂಟು ಕಡೆಯಿಂದ ಹೊರಗೆ, ಒಂದೊಂದಕ್ಕೂ ಒಂದೊಂದು ಫ್ಯೂಸು. ನಡುಗೋ ಕೈಯಲ್ಲೂ ಹಾಕೋ ಹಾಗಿರಬೇಕು. “ಅಷ್ಟೇಯಾ ಸಾ?” ಅಂದೆ. ಅದು ಸಿಗೋ ತನಕ ದಿನಾ ಆರೂವರೆಗೆ ನಾನೇ ಬಂದು ತಂತಿ ಸೇರಿಸ್ತೀನಿ ಅಂತಲೂ ಅಂದೆ. ಅಮ್ಮಾವ್ರ ಕಾಫಿ ಚೆನ್ನಾಗಿರುತ್ತೆ.

ಬಿಳಿ ಬೋರ್ಡು

ಮೊದಲನೇ ಪಟ್ಟಿ ನನ್ನದೇ ತಲೆ. ಮನೆ ಕರೆಂಟಿನ ಎಕ್ಸ್‌ಟೆನ್ಷನ್ ಬೋರ್ಡು ಇರುತ್ತಲ್ಲ, ಬಿಳೀದು, ಸಾಲಾಗಿ ಸಾಕೆಟ್ಟಿರೋದು, ಅದರ ಬಾಲ ಕತ್ತರಿಸಿ ಬ್ಯಾಟರಿಗೆ ಸೇರಿಸಿದೆ. ರೇಡಿಯೋ ತಂತಿಗಳಿಗೆಲ್ಲ ಮೂರು ಪಿನ್ನಿನ ಪ್ಲಗ್ ಕಟ್ಟಿದೆ. ಒತ್ತಿದರೆ ಕೂರುತ್ತೆ, ಉಲ್ಟಾ ಹಾಕೋಕೇ ಆಗಲ್ಲ. ಮೇಷ್ಟ್ರು ಏನೋ ಹೇಳೋಕೆ ಬಾಯಿ ತೆಗೆದರು, ನಾನು ಬಿಡಲಿಲ್ಲ. ಇಂಥದ್ದೇ ಇನ್ನೊಂದು ಮಾಡಿ ಅರಕಲಗೂಡು ಬಸ್ಸಿನಲ್ಲಿ ತಂತಿ ಯಜಮಾನರ ಮನೆಗೂ ಕಳಿಸಿದೆ. ಅವರ ಮಗ ಹಾಕಿಕೊಂಡ. ಸ್ನೇಹಿತರಲ್ಲಿ ಭೇದ ಮಾಡಬಾರದು.

ಸ್ವಲ್ಪ ದಿನಕ್ಕೆ ಅಮ್ಮಾವ್ರ ಮಿಕ್ಸಿ ಕೆಟ್ಟಿತು. ಚನ್ನರಾಯಪಟ್ಟಣದಲ್ಲಿ ಅವರ ತಮ್ಮನಿಗೆ ಪರಿಚಯದ ರಿಪೇರಿಯವನಿದ್ದಾನೆ, ಅಲ್ಲಿಗೆ ಒಯ್ದರು. ಅಲ್ಲಿ ಗಿರ್ರ್ ಅಂತ ಓಡಿತು. ಮನೆಗೆ ತಂದರೆ ಕಮಕ್ ಕಿಮಕ್ ಇಲ್ಲ. ಮತ್ತೆ ಒಯ್ದರು, ಮತ್ತೆ ಓಡಿತು. ಮನೆಗೆ ಬಂತು, ಮತ್ತೆ ಮುನಿಸಿಕೊಂಡಿತು. ಮೂರನೇ ಸಲಕ್ಕೆ ರಿಪೇರಿಯವನು ಅಮ್ಮಾವ್ರಿಗೆ ಕೈ ಮುಗಿದು, “ಅಕ್ಕಾ, ಇದ್ಕೆ ನಮ್ಮೂರು ಇಡ್ಸ್ಯದೆ. ಇಲ್ಲೇ ಬುಟ್ಬುಡಿ” ಅಂದನಂತೆ.

ಮಾರನೇ ಬೆಳಿಗ್ಗೆ ನಾನು ಕಾಫಿ ಕುಡೀತಾ ಕೂತಿದ್ದೆ. ಅಡುಗೆಮನೆ ಸಾಕೆಟ್ ಸಡಿಲ ಅಂತ ಅಮ್ಮಾವ್ರು ಈಚೆಗೆ ಮಾಡೋ ಹಾಗೆ ಮಿಕ್ಸಿನ ಪಕ್ಕದ ರೇಡಿಯೋ ರೂಮಿಗೆ ತಂದರು. ಕಾಯಿ, ಮೆಣಸಿನಕಾಯಿ ಹಾಕಿ, ಮುಚ್ಚಳ ಒತ್ತಿ, ಪ್ಲಗ್ ತಗೊಂಡು ನನ್ನ ಬಿಳಿ ಬೋರ್ಡಿಗೆ ಸಿಕ್ಕಿಸಿದರು. ಹನ್ನೆರಡು ವೋಲ್ಟಿಗೆ ಮಿಕ್ಸಿ ಎದ್ದೀತಾ?

ನಾನು ನಗೋಕೆ ಶುರು ಮಾಡಿದೆ. ಮೇಷ್ಟ್ರು ನಗಲಿಲ್ಲ. “ಮಿಕ್ಸಿ ಪ್ಲಗ್ ಇಲ್ಲಿ ಕೂತ್ರೆ, ರೇಡಿಯೋ ಪ್ಲಗ್ ಗೋಡೆ ಸಾಕೆಟ್ಟಲ್ಲಿ ಕೂರುತ್ತೆ ಕಣಯ್ಯ. ಮಿಕ್ಸಿ ಸುಮ್ನಿತ್ತು. ರೇಡಿಯೋ ಸುಮ್ನಿರಲ್ಲ, ಬೂದಿಯಾಗುತ್ತೆ.” ಬೋರ್ಡ್ ಆಗಲೇ ಕಿತ್ತೆ. ಅಮ್ಮಾವ್ರು, ಇಷ್ಟು ದಿನ ನಾನು ಒರಳಲ್ಲಿ ರುಬ್ಬಿದೀನಿ, ಇನ್ನು ಅಷ್ಟೇ ದಿನ ನೀನು ರುಬ್ಬು ಅಂದರು. ರುಬ್ಬಿದೆ. ಚಟ್ನಿ ವಿಷಯದಲ್ಲೂ ಈ ನಾಲ್ಕು ತಾಲ್ಲೂಕಲ್ಲಿ ನನ್ನ ಮುಂದೆ ಯಾರೂ ಇಲ್ಲ.

ವೈಪರ್ ಹೋಯಿತು

ಎರಡನೇದು ಹಾಸನದ ಗುಜರಿಯಲ್ಲಿ ಸಿಕ್ಕಿದ್ದು, ಹಳೇ ಕಾರಿನ ಫ್ಯೂಸ್ ಡಬ್ಬಿ. ಸಾಲಾಗಿ ಫ್ಯೂಸು, ಪಕ್ಕದಲ್ಲಿ ಹೆಸರು: ಹಾರ್ನು, ವೈಪರು, ಹೆಡ್‌ಲೈಟು. ಹಾರ್ನಿಗೆ ಸಣ್ಣ ಸೆಟ್ಟು, ವೈಪರಿಗೆ ದೊಡ್ಡ ಸೆಟ್ಟು. ಫ್ಯೂಸ್ ಜಾಗಕ್ಕೆ ನಾನು ದಪ್ಪ ತಾಮ್ರದ ತಂತಿ ಕೂರಿಸಿ, ಇನ್ನು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೋಗಲ್ಲ ಸಾ ಅಂದೆ.

ಮೇಷ್ಟ್ರು ಕನ್ನಡಕ ತೆಗೆದರು. “ಫ್ಯೂಸ್ ಅಂದ್ರೆ ತಾನು ಮೊದ್ಲು ಹೋಗಿ ಬೇರೆಯವರನ್ನ ಉಳಿಸೋದು ಕಣೋ. ನಿಂದು ಸಾಯಲ್ಲ. ಹಂಗಾದ್ರೆ ನನ್ನ ಸೆಟ್ ಸಾಯ್ಬೇಕು.” ಐವತ್ತು ವರ್ಷ ಫ್ಯೂಸ್ ಜಾಗದಲ್ಲಿ ತಂತಿ ಕಟ್ಟಿದವನು ನಾನು. ಅವತ್ತಿಂದ ಕಟ್ಟಿಲ್ಲ.

ಸರಿಯಾದ ಫ್ಯೂಸ್ ಹಾಕಿದೆವು. ಒಂದು ದಿನ ಯಾರೋ ಮದುವೆ ಕಾಗದ ಕೊಡೋಕೆ ಬಂದು ಜಗಲಿಯಲ್ಲಿ ಕೂತಿದ್ದರು. ಒಳಗಿಂದ ಮೇಷ್ಟ್ರ ಕೂಗು: ವೈಪರ್ ಹೋಯಿತು, ಬೇಗ ಹಾರ್ನಿಗೆ ಹಾಕು. ಬಂದವರು ಮೆಲ್ಲಗೆ ಅಮ್ಮಾವ್ರನ್ನ ಕೇಳಿದರು, ಮೇಷ್ಟ್ರು ಮನೆಯೊಳಗೇ ಕಾರ್ ಇಟ್ಟಿದಾರಾ ಅಂತ.

“ಇಲ್ಲಾ,” ಅಂದರು ಅಮ್ಮಾವ್ರು. “ಸದ್ಯಕ್ಕೆ ಆರ್ನು, ವೈಪರು ಬಂದವೆ. ಕಾರು ಇನ್ನೂ ಬರ್ಬೇಕು.”

ಆ ಡಬ್ಬಿಯೂ ಆಗಲಿಲ್ಲ. ಅದರ ಸ್ಕ್ರೂ ಎಳ್ಳಿನಷ್ಟು ಸಣ್ಣದು. ನಾನಿಲ್ಲದಾಗ ಮೇಷ್ಟ್ರು ಒಂದು ಸ್ಕ್ರೂ ತಿರುಗಿಸೋಕೆ ಕಾಲು ಗಂಟೆ ಹೆಣಗಾಡಿ, ಕೈ ತೊಡೆ ಮೇಲಿಟ್ಟುಕೊಂಡು ಕೂತಿದ್ದರಂತೆ. ಅಮ್ಮಾವ್ರು ಇದನ್ನ ನನಗೆ ಅಡುಗೆಮನೆಗೆ ಕರೆದು ಹೇಳಿದರು.

ಜೀರುಂಡೆ

ಮೂರನೇದನ್ನ ಮೇಷ್ಟ್ರೇ ಮೊಬೈಲಲ್ಲಿ ನೋಡಿ ತರಿಸಿದರು. ನೀಲಿ ದೀಪ, ವೋಲ್ಟ್ ತೋರಿಸೋ ಅಂಕಿ, ಮೊಬೈಲ್ ಚಾರ್ಜ್ ಮಾಡೋಕೂ ಒಂದು ತೂತು. ಮದುವೆ ಹೆಣ್ಣಿನ ಹಾಗಿತ್ತು. ಹಾಕಿದ ಮಾರನೇ ಬೆಳಿಗ್ಗೆ ರೇಡಿಯೋ ತುಂಬ ಜೀರುಂಡೆ ಸದ್ದು. ಮೊದಲೇ ಯಜಮಾನರ ಎಡಗೈ ಟಿಕ್ ಟಿಕ್ ಮೆಲು, ಅದರಲ್ಲಿ ಮುಳುಗೇ ಹೋಯಿತು. ಮೇಷ್ಟ್ರು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು, ಅವರು ಕರೀತಿದ್ದಾರೆ, ಏನಂತಿದ್ದಾರೋ ತಿಳೀತಿಲ್ಲ ಅಂದರು.

ಬೀದೀಲಿ ಯಾರದೋ ಮನೆ ಮಿಷನ್ನಿನ ಕಾಟ ಅಂತ ನಾನು ಹೊರಟೆ. ಒಂದು ಮನೆಯವರ ಟಿವಿ ಆರಿಸಿದೆ, ಇನ್ನೊಂದು ಮನೆಯ ವಾಷಿಂಗ್ ಮಿಷನ್ ನಿಲ್ಲಿಸಿದೆ, ಅರ್ಧ ಇಸ್ತ್ರಿಯಾದ ಪಂಚೆ ಅರ್ಧಕ್ಕೇ ನಿಂತಿತು. ಹಿಟ್ಟಿನ ಗಿರಣಿಯವನು, ಗಿರಾಕಿ ರಾಗಿ ಕಲ್ಲೊಳಗೈತೆ ಅಂದ. “ಅರಕಲಗೂಡಲ್ಲಿ ಒಬ್ರು ತಿಂಡಿ ತಿಂದಿಲ್ಲ, ನಿಲ್ಸಪ್ಪ” ಅಂದೆ. ನಿಲ್ಲಿಸಿದ. ಬೀದಿಗೆ ಬೀದಿಯೇ ಗಪ್‌ಚಿಪ್. ಸದ್ದು ನಿಂತಿತಾ ಅಂತ ಮೇಷ್ಟ್ರನ್ನ ಕೇಳೋಣ ಅಂತ ಜೇಬಿಗೆ ಕೈ ಹಾಕಿದರೆ ಫೋನಿಲ್ಲ.

ಓಡಿದೆ. ಫೋನು ಹೊಸ ಪಟ್ಟಿಯ ಆ ತೂತಿನಲ್ಲಿ ಚಾರ್ಜ್ ಆಗುತ್ತಾ ಮಲಗಿತ್ತು. ಕಿತ್ತೆ. ಜೀರುಂಡೆ ನಿಂತಿತು. ಮೇಷ್ಟ್ರು ಹೆಡ್‌ಫೋನ್ ತೆಗೆದು, ಯಾರ ಮನೇದಪ್ಪಾ ಅಂದರು. ಫೋನನ್ನ ಬೆನ್ನ ಹಿಂದೆ ಇಟ್ಟುಕೊಂಡು, “ಗಿರಣಿದು ಸಾ” ಅಂದೆ. ಆದರೆ ತೂತಿರೋ ಪಟ್ಟಿ ಬೇಡವೇ ಬೇಡ ಅಂತ ಹಟ ಹಿಡಿದು ಅವತ್ತೇ ವಾಪಸ್ ಕಳಿಸಿದೆ. ಗಿರಣಿಯವನಿಗೆ ಈಗಲೂ ಎದುರು ಸಿಕ್ಕರೆ ನಮಸ್ಕಾರ ಮಾಡುತ್ತೀನಿ.

ಹಿಂದಿನ ಸೀಟು

ಹಾಸನದಲ್ಲಿ ಮೇಷ್ಟ್ರಿಗೆ ಗೊತ್ತಿರೋ ಇನ್ನೊಬ್ಬ ರೇಡಿಯೋದವರು ಎರಡು ಪಟ್ಟಿ ಕೊಟ್ಟು, ಯಾವುದು ಸರಿ ನೋಡಿ ಇಟ್ಟುಕೊಳ್ಳಿ ಅಂದರು. ಎರಡಕ್ಕೂ ಎಂಟೆಂಟು ದಾರಿ, ಎಂಟೆಂಟು ಫ್ಯೂಸು, ಚಾರ್ಜಿನ ತೂತಿಲ್ಲ. ಒಂದಕ್ಕೆ ತಂತಿನ ದೊಡ್ಡ ತಿರುಪಿನಲ್ಲಿ ಬಿಗಿಯಬೇಕು. ಇನ್ನೊಂದಕ್ಕೆ ಕೆಂಪು ಕಪ್ಪು ಜೋಡಿ ಪ್ಲಗ್ಗು, ಸುಮ್ಮನೆ ಒತ್ತೋದು. ಅದು ಉಲ್ಟಾ ಕೂರಲ್ಲ, ಮನೆ ಸಾಕೆಟ್ಟಿಗೂ ಹೋಗಲ್ಲ.

ನಡುಗೋ ಕೈಗೆ ಯಾವುದು ಒಗ್ಗುತ್ತೆ? ನನ್ನ ಕೈ ಬಂಡೆ ಥರ, ಅಲ್ಲಾಡಲ್ಲ. ಯೋಚನೆ ಮಾಡಿ ಹೊಳೆನರಸೀಪುರದ ಬಸ್ಸು ಹತ್ತಿ ಹಿಂದಿನ ಸೀಟಿನ ಮೂಲೆ ಹಿಡಿದೆ, ಎರಡು ಪಟ್ಟಿನೂ ತೊಡೆ ಮೇಲೆ. ತಿರುಪಿನದ್ದು ಒಂದೂ ಆಗಲಿಲ್ಲ. ಎರಡು ಸಲ ಪಕ್ಕದವರ ಮಂಡಿಗೆ ಸ್ಕ್ರೂ ಡ್ರೈವರ್ ಚುಚ್ಚಿದೆ. ಒತ್ತೋದನ್ನ ಶುರು ಮಾಡೋ ಹೊತ್ತಿಗೆ ಡ್ರೈವರು ಗುಂಡಿ ತಪ್ಪಿಸಿ ತಪ್ಪಿಸಿ ಬಸ್ಸು ಬಿಡುತ್ತಿದ್ದಾನೆ. ಹಿಂದಿನಿಂದ ಕೂಗಿದೆ: “ಅಣ್ಣಾ, ಗುಂಡಿ ತಪ್ಪಿಸ್ಬ್ಯಾಡ, ಇಳ್ಸು.”

ಬಸ್ಸೆಲ್ಲ ತಿರುಗಿ ನೋಡಿತು. ಕಂಡಕ್ಟರ್ ಬಂದು ಏನು ಅಂದ. ನಡುಗೋ ಕೈ, ಅರಕಲಗೂಡು, ಇಡ್ಲಿ, ಎಲ್ಲಾ ಹೇಳಿದೆ. ಅವನು ಡ್ರೈವರ್ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದ. ಆಮೇಲೆ ಒಂದು ಗುಂಡಿನೂ ಬಿಡಲಿಲ್ಲ ಪುಣ್ಯಾತ್ಮ. ಊರು ಬರೋ ಹೊತ್ತಿಗೆ ಎಂಟಕ್ಕೆ ಎಂಟೂ ಪ್ಲಗ್ಗು ಕೂತಿದ್ದವು. ನಾನು ಇಳೀವಾಗ ಡ್ರೈವರ್ ಕೇಳಿದ, “ಸಾಕಾ ಯಜಮಾನ್ರೇ, ಇನ್ನೊಂದ್ ರೌಂಡ್ ಓಗುವಾ?”

ನಾಲ್ಕು ಚುಕ್ಕಿ, ಎರಡು ಚುಕ್ಕಿ

ಪಟ್ಟಿ ಕೂತಿತು. ಮಾರನೇ ಬೆಳಿಗ್ಗೆ ಮೇಷ್ಟ್ರು ತಾವೇ ಒಂದೊಂದು ಪ್ಲಗ್ಗನ್ನೂ ನಡುಗೋ ಕೈಯಲ್ಲಿ ಹಿಡಿದು, ಗುರಿ ತಪ್ಪಿ, ಮತ್ತೆ ಹಿಡಿದು, ಒತ್ತಿದರು. ಟಕ್, ಟಕ್, ಟಕ್. ಒಂದು ಕಿಡಿ ಇಲ್ಲ. ಏಳು ಆದ ಮೇಲೆ ಎಂಟನೇದನ್ನ ನನ್ನ ಕೈಗೆ ಕೊಟ್ಟು, ಇದೊಂದು ಆಗ್ತಿಲ್ಲ ಕಣಯ್ಯ, ದಿನಾ ಬಂದು ಹಾಕಿ ಹೋಗು ಅಂದರು. ಸುಳ್ಳು. ಆ ಎಂಟನೇದಕ್ಕೆ ಆ ಕಡೆ ತುದಿಯಲ್ಲಿ ಏನೂ ಇಲ್ಲ, ಬರೀ ತಂತಿ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಕಾಫಿ ತರೋ ಅಮ್ಮಾವ್ರಿಗೂ ಗೊತ್ತು.

ಏಳು ಗಂಟೆಗೆ ಅರಕಲಗೂಡಿನ ಟಿಕ್ ಟಿಕ್ ಬಂತು. ಮೇಷ್ಟ್ರು ಯಜಮಾನರಿಗೆ ಪಟ್ಟಿಯ ಪುರಾಣವನ್ನೆಲ್ಲ ಒತ್ತೋಕೆ ಕೂತರು. ಚಕ್ಕುಲಿ, ವೈಪರು, ಗಿರಣಿ, ಹಿಂದಿನ ಸೀಟು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ನನ್ನ ಕಥೆ, ನಾನಾಗಿದ್ದರೆ ಗುಂಡಿಗಳನ್ನ ಇನ್ನೂ ಆಳ ಮಾಡಿ ಹೇಳುತ್ತಿದ್ದೆ. ಕೊನೆಗೆ ಮಿಕ್ಸಿ ಕಥೆ ಒತ್ತಿದರು. ಬಿಳಿ ಬೋರ್ಡಿಗೆ ಸಿಕ್ಕಿಸಿ ಸಿಕ್ಕಿಸಿ ಮೂರು ಸಲ ಚನ್ನರಾಯಪಟ್ಟಣಕ್ಕೆ ಒಯ್ದದ್ದು.

ಆ ಕಡೆ ಸದ್ದಿಲ್ಲ. ತುಂಬ ಹೊತ್ತು ಸದ್ದಿಲ್ಲ. ಮೇಷ್ಟ್ರ ಮುಖ ನೋಡಿದೆ, ಭಯ ಇತ್ತು.

ಆಮೇಲೆ ಟಿಕ್ ಟಿಕ್ ಟಿಕ್ ಟಿಕ್, ಟಿಕ್ ಟಿಕ್. ನಾಲ್ಕು ಚುಕ್ಕಿ, ಎರಡು ಚುಕ್ಕಿ. ಮತ್ತೆ ಅದೇ. ಮತ್ತೆ ಅದೇ.

“ನಗ್ತಿದ್ದಾರೆ,” ಅಂದರು ಮೇಷ್ಟ್ರು. ರೇಡಿಯೋದವರು ಕೈಯಲ್ಲಿ ನಗೋದು ಹಾಗಂತೆ. ಪಾರ್ಶ್ವವಾಯು ಹೊಡೆದ ಮೇಲೆ ಯಜಮಾನರು ಒಂದು ದಿನವೂ ಹಾಗೆ ಒತ್ತಿರಲಿಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಅಮ್ಮಾವ್ರು ಬಾಗಿಲಲ್ಲೇ ನಿಂತರು.

ನಗು ನಿಂತ ಮೇಲೆ ಯಜಮಾನರು ನಿಧಾನಕ್ಕೆ ಒತ್ತೋಕೆ ಶುರು ಮಾಡಿದರು. ಮೇಷ್ಟ್ರು ಒಂದೊಂದೇ ಪದ ಓದಿ ಹೇಳುತ್ತಾ ಹೋದರು: “ನಮ್ಮ... ಮನೆಯಲ್ಲೂ... ಬಿಳಿ ಬೋರ್ಡು... ಇದೆ.”

ನಾನು ಕಾಫಿ ಲೋಟ ಕೆಳಗಿಟ್ಟೆ. ಎರಡು ಬೋರ್ಡು ಮಾಡಿದ್ದೆ. ಒಂದನ್ನೇ ಕಿತ್ತಿದ್ದೆ. ಇನ್ನೊಂದನ್ನ ಮರೆತೇ ಬಿಟ್ಟಿದ್ದೆ.

“ಸೊಸೆ... ಮಿಕ್ಸಿ... ನಾಲ್ಕು ಸಲ... ರಿಪೇರಿ ಮಾಡಿಸಿದಳು,” ಮೇಷ್ಟ್ರು ಓದಿದರು. “ಹೋದ ವಾರ... ಹೊಸ ಮಿಕ್ಸಿ... ತಂದಳು.”

ಟಿಕ್ ಟಿಕ್ ಮತ್ತೆ ಬಂತು.

“ಅದೂ... ಓಡ್ತಿಲ್ಲ.”

ನಾನು ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿಕೊಂಡು ಎದ್ದೆ. ಅರಕಲಗೂಡು ಬಸ್ಸಿಗೆ ಇನ್ನೂ ಹತ್ತು ನಿಮಿಷ ಇತ್ತು. ಬಾಗಿಲು ದಾಟುವಾಗ ಹಿಂದಿನಿಂದ ಮತ್ತೆ ಕೇಳಿಸಿತು, ನಾಲ್ಕು ಚುಕ್ಕಿ, ಎರಡು ಚುಕ್ಕಿ. ಮೇಷ್ಟ್ರು ಕೂಗಿ ಹೇಳಿದರು, ಬೋರ್ಡು ಕೀಳೋಕೆ ಬರ್ತಿದ್ದಾನೆ ಅಂತ ಒತ್ತಿದೆ, ಅದಕ್ಕೆ ಯಜಮಾನರು ಹೇಳಿ ಕಳಿಸಿದ್ದಾರೆ: ಅವನು ಬರಲಿ, ಆದರೆ ಮೊದಲು ಅಡುಗೆಮನೆಗೆ ಬರಲಿ. ಇವತ್ತಿನ ಇಡ್ಲಿಗೆ ಚಟ್ನಿ ಆಗಿಲ್ಲ. ಒರಳು ತೊಳೆದಿಟ್ಟಿದೆ.