ಬಳೆ, ಟಚ್‌ಪ್ಯಾಡ್ ಮತ್ತು ಮೂರೂಕಾಲು ಗಂಟೆ

ನೆಪಗಳ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟಿನ ಟೀಚರು. ಮಾಗಡಿ ರಸ್ತೆಯ ಸಿಗ್ನಲ್ಲು, ಬಾರದ ಬಸ್ಸು, ನಿಂತ ಗಡಿಯಾರ, ಯಾವುದೂ ನನ್ನ ಹತ್ತಿರ ನಡೆಯುವುದಿಲ್ಲ. ತಡವಾಗಿ ಬಂದವರು ಬಾಗಿಲಾಚೆ ನಿಲ್ಲಬೇಕು, ಅಷ್ಟೆ. ಕಳೆದ ಸಲ ನನ್ನ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯೇ ತಡವಾಗಿ, "ಇನ್ನೊಂದ್ಸಲ ಹೀಗಾದ್ರೆ ಪೇಪರ್ ಬೇರೆಯವ್ರಿಗೆ ಕೊಡ್ತೀನಿ" ಎಂದು ಹೆಡ್‌ಮಿಸ್ ಅಂದಿದ್ದು ಬೇರೆ ಮಾತು. ಪೇಪರ್ ತೆಗೆಯುವುದು ನನ್ನ ಹೆಮ್ಮೆ. ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಈ ಸಲದ್ದನ್ನು ಐದು ಗಂಟೆಯೊಳಗೆ ಮಾರೇನಹಳ್ಳಿಯ ಪ್ರೆಸ್ಸಿಗೆ ಕಳಿಸಬೇಕಿತ್ತು.

ತೊಂದರೆ ಕೊಟ್ಟದ್ದು ಲ್ಯಾಪ್‌ಟಾಪು. ಅದು ಮುದಿಯಾಯಿತೆಂದು ನನ್ನ ತಮ್ಮ ಲಿನಕ್ಸ್ ಹಾಕಿಕೊಟ್ಟಿದ್ದ. ಯಂತ್ರಕ್ಕೆ ಹೊಸ ಪ್ರಾಯ ಬಂದು, ಕೀಬೋರ್ಡಿನ ಕೆಳಗಿನ ಟಚ್‌ಪ್ಯಾಡು ನನ್ನ ಬಂಗಾರದ ಬಳೆ ಸೋಕಿದರೂ ಕುಣಿಯತೊಡಗಿತು. ಕರ್ಸರು ಹಾರಿ ಎಲ್ಲೋ ಕೂರುತ್ತಿತ್ತು, ನಾನು ನೋಡದೆ ಟೈಪಿಸುತ್ತಿದ್ದೆ. ತಲೆಯೆತ್ತಿದರೆ ಮೂರನೇ ಪ್ರಶ್ನೆ ಹೀಗಿತ್ತು: "ಕಪ್ಪುಮಣ್ಣಿನಲ್ಲಿ ರಾಷ್ಟ್ರಕೂಟರನ್ನು ಬೆಳೆಯಲು ಬೇಕಾದ ಹವಾಗುಣವನ್ನು ವಿವರಿಸಿ."

ತಮ್ಮನಿಗೆ ಫೋನ್ ಮಾಡಿದೆ. "ಅಕ್ಕಾ, ಬಳೆ ತೆಗ್ದಿಟ್ಟು ಟೈಪ್ ಮಾಡು, ಮುಗೀತು" ಎಂದ. ಫೋನು ಸ್ಪೀಕರಿನಲ್ಲಿತ್ತು. ದಾವಣಗೆರೆ ಕಡೆಯ ನನ್ನ ಅತ್ತೆ ಟೀವಿಯ ಮುಂದಿನಿಂದಲೇ ಗದರಿದರು: "ಬರಿಗೈಲಿ ಕುಂತ್ಕಾಬ್ಯಾಡವ್ವಾ! ಬೇಕಾದ್ರೆ ಆ ಡಬ್ಬಿನೇ ಬಂದ್ ಮಾಡು."

"ಆಂಟಿ ಹೇಳಿದ್ದೂ ಸರೀನೇ ಕಣೇ" ಎಂದ ತಮ್ಮ. "ಸೆಟ್ಟಿಂಗ್ಸ್‌ಗೆ ಹೋಗಿ ಟಚ್‌ಪ್ಯಾಡ್ ಆಫ್ ಮಾಡು. ಮೌಸ್ ಇದೆ ತಾನೆ?"

ಮೌಸ್ ಇತ್ತು. ಟಚ್‌ಪ್ಯಾಡನ್ನು ಆಫ್ ಮಾಡಿ, ಬಳೆಗಳನ್ನು ಬೇಕೆಂದೇ ಅದರ ಮೇಲೆ ಒಮ್ಮೆ ಝಣಝಣಿಸಿದೆ. ಕರ್ಸರು ಮಿಸುಕಲಿಲ್ಲ. ಎಂಥ ಆನಂದ! ಆ ಆನಂದ ರಾಷ್ಟ್ರಕೂಟರನ್ನು ಹೊಲದಿಂದ ಎಬ್ಬಿಸುವಷ್ಟು ಹೊತ್ತು ಉಳಿಯಿತು. ಆಮೇಲೆ ಮೌಸಿನ ಸೆಲ್ ಸತ್ತಿತು. ಟಚ್‌ಪ್ಯಾಡನ್ನು ಮತ್ತೆ ಎಬ್ಬಿಸಬೇಕಾದರೂ ಮೌಸೇ ಬೇಕು. ಟೀವಿ ರಿಮೋಟಿನ ಸೆಲ್ ಮೌಸಿಗೆ ಸಣ್ಣದಾಯಿತು, ಅತ್ತೆಯ ಧಾರಾವಾಹಿ ಬದುಕಿತು. ಸ್ಟೂಲು ಹತ್ತಿ ಗೋಡೆ ಗಡಿಯಾರ ಇಳಿಸಿ ಅದರ ಸೆಲ್ಲನ್ನು ಮೌಸಿಗೆ ಹಾಕಿದೆ. "ಬೋಳುಗೋಡೆ ಚೆನಾಗಿ ಕಾಣಲ್ಲವ್ವಾ" ಎಂದು ಅತ್ತೆ ಅಂದಿದ್ದಕ್ಕೆ ಗಡಿಯಾರವನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿದೆ.

ಕೆಲಸ ಬೆಣ್ಣೆಯ ಹಾಗೆ ಸಾಗಿತು. ನಡುನಡುವೆ ಕತ್ತೆತ್ತಿ ಗೋಡೆ ನೋಡುತ್ತಿದ್ದೆ. ಇನ್ನೂ ಮೂರೂಕಾಲು. ಧಾರಾಳವಾಗಿ ಸಮಯವಿದೆ! ಎದ್ದು ಕಾಫಿ ಮಾಡಿದೆ, ಅತ್ತೆಗೂ ಕೊಟ್ಟೆ. ನಕಾಶೆಯ ಪ್ರಶ್ನೆಗೆ ಅಂದದ ಚೌಕಟ್ಟು ಹಾಕಿದೆ. ಪರದೆಯ ಮೇಲೂ ಗಂಟೆ ಕಾಣುತ್ತಿತ್ತು. ಆದರೆ ಮದುವೆಯಾಗಿ ಬಂದಂದಿನಿಂದ ಆ ಗೋಡೆಯನ್ನೇ ನಂಬಿದ ಕತ್ತಿಗೆ ಅದು ತಿಳಿಯಬೇಕಲ್ಲ.

ಫೋನ್ ಬಂತು. ಹೆಡ್‌ಮಿಸ್.

"ಏನ್ ಮೇಡಂ, ಪ್ರೆಸ್‌ನವ್ರು ಬಾಗ್ಲು ಹಾಕ್ಕೊಂಡು ಹೋದ್ರಂತೆ. ಎಲ್ಲಿ ನಿಮ್ ಪೇಪರ್ರು?"

ಗೋಡೆ ನೋಡಿದೆ. ಮೂರೂಕಾಲು. ಇಷ್ಟು ವರ್ಷ ಮಕ್ಕಳಿಂದ ಕೇಳಿದ ನೆಪಗಳೆಲ್ಲ ಬಾಯಿಗೆ ಬಂದವು. ಕೊನೆಗೆ ಸತ್ಯವನ್ನೇ ಹೇಳಿದೆ.

"ಮೇಡಂ, ನಮ್ಮನೆ ಗಡಿಯಾರ ನಿಂತ್ಹೋಗಿತ್ತು."

"ನಾಳೆ ಬೆಳಿಗ್ಗೆ ಬನ್ನಿ" ಎಂದರು ಹೆಡ್‌ಮಿಸ್. "ನನ್ ರೂಮಿನ ಬಾಗಿಲಾಚೆ ನಿಂತಿರಿ, ಕರೀತೀನಿ."